ಎಲ್ಸ್ಪಾ ಹೊತ್ತು ತರುತ್ತಿದ್ದ ತಟ್ಟೆ

ನಮ್ಮೂರಿನಲ್ಲಿ ಯಾವಳಾದರೂ ಬಸುರಿಯಾದದ್ದು ಊರಿಗೆಲ್ಲ ತಿಳಿಯುತ್ತಿದ್ದುದು ಎಲ್ಸ್ಪಾ ತಟ್ಟೆ ಹಿಡಿದು ಬೀದಿಗೆ ಇಳಿದಾಗ. ನೀಲಿ ಅಂಚಿನ ಅಗಲವಾದ ಪಿಂಗಾಣಿ ತಟ್ಟೆ, ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ. ಬಟ್ಟೆಯ ಕೆಳಗೆ ಏನಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಒಂದು ಬದಿಗೆ ಗಾಳಿಗೆ ಒಣಗಿಸಿದ ತಿಮಿಂಗಿಲದ ಮಾಂಸ, ಇದ್ದಿಲಿನಷ್ಟು ಕಪ್ಪು. ಇನ್ನೊಂದು ಬದಿಗೆ ಉಪ್ಪಿನಲ್ಲಿ ಇಟ್ಟ ತಿಮಿಂಗಿಲದ ಕೊಬ್ಬು, ತೆಳ್ಳಗೆ ಹೆಚ್ಚಿದ್ದು, ಹಾಲಿನಷ್ಟು ಬಿಳುಪು. ನಾವು ಅವನ್ನು ಕಪ್ಪು, ಬಿಳಿ ಎಂದೇ ಕರೆಯುವುದು. ಕಪ್ಪು ತಿಂದರೆ ತಾಯಿಗೆ ರಕ್ತ, ಬಿಳಿ ತಿಂದರೆ ಮಗುವಿಗೆ ಎಲುಬು ಎಂದು ನಮ್ಮ ಹಿರಿಯರು ನಂಬಿದ್ದರು. ಫೇರೋ ದ್ವೀಪಗಳಲ್ಲಿ ಬೇರೆಲ್ಲಿ ಈ ಪದ್ಧತಿ ಇತ್ತೋ ನನಗೆ ಗೊತ್ತಿಲ್ಲ. ನಮ್ಮೂರಿನಲ್ಲಿ ಇತ್ತು. ಎಲ್ಸ್ಪಾಳಿಗಿಂತ ಮೊದಲು ಅವಳ ಅತ್ತೆ ತಟ್ಟೆ ಹೊರುತ್ತಿದ್ದಳು.

ಎಲ್ಸ್ಪಾ ಬರುತ್ತಿದ್ದಾಳೆ ಎಂದರೆ ಕಿಟಕಿಯ ಪರದೆಗಳು ಒಂದೊಂದೇ ಸರಿಯುತ್ತಿದ್ದವು. ತಟ್ಟೆ ಯಾವ ಮನೆಯ ಕಡೆಗೆ ತಿರುಗೀತು? ಒಂದು ಸಲ ಗಾಳಿ ಜೋರಾಗಿ ಬೀಸಿ, ಅವಳು ಸುಧಾರಿಸಿಕೊಳ್ಳಲೆಂದು ನಮ್ಮ ಬಾಗಿಲೊಳಗೆ ಕಾಲಿಟ್ಟಳು. ಆಗ ನನಗೆ ನಲವತ್ತು ದಾಟಿತ್ತು. ಸಂಜೆಯ ಹೊತ್ತಿಗೆ ಬಂದರಿನಲ್ಲಿ ಗಂಡಸರೆಲ್ಲ ನನ್ನ ಗಂಡ ಹಾನುಸ್‌ನ ಬೆನ್ನು ತಟ್ಟಿ ಕಳಿಸಿದ್ದರು. ಅವನು ಮನೆಗೆ ಬಂದವನೇ, "ಏನೇ ಫೀಯಾ, ಊರಿಗೆಲ್ಲ ಹೇಳಿದೀಯ, ನಂಗೊಬ್ಬನಿಗೆ ಹೇಳೋದಕ್ಕೆ ನಾಚಿಕೆ ಬಂತೇನೇ?" ಅಂದ. ತಟ್ಟೆ ಕೊಟ್ಟು ಮರಳಿ ಬಂದಿದ್ದ ಎಲ್ಸ್ಪಾಳೂ ಸೇರಿ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಾನುಸ್ ಎದ್ದು ಹೋದ ಮೇಲೆ ಎಲ್ಸ್ಪಾ ಸುಮ್ಮನೆ ನನ್ನ ಕೈ ಹಿಡಿದು ಕೂತಳು. ನನಗೆ ಮಕ್ಕಳಾಗಲಿಲ್ಲ. ಆ ದಿನ ನಾನು ಎಷ್ಟು ನಕ್ಕೆನೋ ಅಷ್ಟೇ ಅಳಬಹುದಾಗಿತ್ತೆಂದು ಅವಳೊಬ್ಬಳಿಗೆ ಗೊತ್ತಿತ್ತು.

ಎಲ್ಸ್ಪಾ ನನ್ನ ಗಂಡನ ಅಕ್ಕ. ಆದರೆ ಮದುವೆಗೆ ಮೊದಲೇ ನಾವಿಬ್ಬರೂ ಗೆಳತಿಯರು. ನಾನು ಶಾಲೆ ಬಿಟ್ಟು ಮೀನು ಒಣಗಿಸುವ ಕೆಲಸಕ್ಕೆ ಸೇರಿದಾಗ ಕಡಲ ದಂಡೆಯ ಕಲ್ಲುಹಾಸಿನ ಮೇಲೆ ಉಪ್ಪುಮೀನು ಹರಡುವುದನ್ನು ಕಲಿಸಿದವಳು ಅವಳೇ. ನಾಲ್ಕು ಹನಿ ಬಿದ್ದರೆ ಎಲ್ಲವನ್ನೂ ಬಾಚಿ ಗುಡ್ಡೆ ಮಾಡಿ ಮುಚ್ಚಬೇಕು, ಬಿಸಿಲು ಬಂದರೆ ಮತ್ತೆ ಹರಡಬೇಕು. ನಮ್ಮ ಕಡೆ ಬಿಸಿಲು ಒಂದು ಗಳಿಗೆ, ಮಳೆ ಒಂದು ಗಳಿಗೆ. ಎಲ್ಸ್ಪಾ ಕೆನ್ನೆ ತಿರುಗಿಸಿ ಗಾಳಿ ನೋಡುತ್ತಿದ್ದಳು. ಅವಳ ಲೆಕ್ಕ ತಪ್ಪಿದ ದಿನಗಳೂ ಇದ್ದವು. ಆಗ ಮೇಲ್ವಿಚಾರಕನ ಬೈಗುಳವನ್ನು ನಾವಿಬ್ಬರೂ ಹಂಚಿಕೊಳ್ಳುತ್ತಿದ್ದೆವು.

ಅವಳ ಗಂಡ ದಾನ್ಯಾಲ್ ಗ್ರೀನ್‌ಲ್ಯಾಂಡಿನ ಕಡೆ ಮೀನಿಗೆ ಹೋದವನು ಮರಳಲಿಲ್ಲ. ಆಗ ಮಗಳು ಮಾರ್ಯುನ್ ಇನ್ನೂ ತೊಟ್ಟಿಲಲ್ಲಿದ್ದಳು. ಎಲ್ಸ್ಪಾಗೆ ಉಳಿದದ್ದು ಮಗಳು, ನಾಲ್ಕು ಕುರಿ, ಗಾಳಿಮನೆ. ಗಾಳಿಮನೆ ಎಂದರೆ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು ಕಟ್ಟಿದ ಕೊಠಡಿ. ಒಳಗೆ ಮಾಂಸ ತೂಗುಹಾಕಿದರೆ ಕಡಲ ಗಾಳಿ ಹಾದುಹಾದು ತಾನೇ ಒಣಗಿಸುತ್ತದೆ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದುದು ಆ ಗಾಳಿಮನೆ ಮಾತ್ರ. ತಿಮಿಂಗಿಲದ ಹಿಂಡು ಕೊಲ್ಲಿಗೆ ಬಂದ ದಿನ ಊರಿನ ಪ್ರತಿ ಮನೆಗೂ ಪಾಲು ಸಿಗುತ್ತದೆ. ಗಂಡಸಿಲ್ಲದ ಮನೆಗೂ ತಪ್ಪುವುದಿಲ್ಲ. ಹಾನುಸ್ ನಮ್ಮಿಬ್ಬರ ಪಾಲನ್ನೂ ದೋಣಿಯಲ್ಲಿ ತಂದು ಹಾಕುತ್ತಿದ್ದ. ಅದನ್ನು ಕೊಯ್ದು, ತೂಗುಹಾಕಿ, ಉಪ್ಪಿಗೆ ಇಳಿಸುವುದು ಎಲ್ಸ್ಪಾಳ ಕೆಲಸ. ಅವಳು ಉಪ್ಪಿಗೆ ಹಾಕಿದ ಬಿಳಿಯು ಮರದ ಪೀಪಾಯಿಯಲ್ಲಿ ವರ್ಷ ಕಳೆದರೂ ಹಳದಿಗೆ ತಿರುಗುತ್ತಿರಲಿಲ್ಲ.

ಮಾರ್ಯುನ್ ಏಳೆಂಟು ವರ್ಷದವಳಿದ್ದಾಗ ರೇಡಿಯೋದಲ್ಲಿ ಡಾಕ್ಟರರ ಎಚ್ಚರಿಕೆ ಬಂತು. ತಿಮಿಂಗಿಲದ ಯಕೃತ್ತು, ಮೂತ್ರಪಿಂಡಗಳನ್ನು ಯಾರೂ ತಿನ್ನಬಾರದು, ಮಾಂಸವನ್ನು ಕಡಿಮೆ ಮಾಡಬೇಕು, ಅದರಲ್ಲಿ ಪಾದರಸ ಸೇರಿಕೊಂಡಿದೆ, ಮಕ್ಕಳ ಮಿದುಳಿಗೆ ಕೆಟ್ಟದ್ದು ಎಂದು. ಮರುದಿನ ಅಂಗಡಿಯಲ್ಲಿ ಅದೇ ಮಾತು. ದೋಣಿಯ ಯಾಸ್ಪುರ್ ಕೌಂಟರಿಗೆ ಒರಗಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ:

"ನಮ್ಮಜ್ಜ ತೊಂಬತ್ತರವರೆಗೂ ಯಕೃತ್ತು ತಿಂದ. ಸತ್ತದ್ದು ಹಕ್ಕಿ ಹಿಡಿಯೋಕೆ ಹೋಗಿ ಬಂಡೆಯಿಂದ ಜಾರಿ."

"ಪಾದರಸ ಜಾರುತ್ತಲ್ಲ ಯಾಸ್ಪುರ್, ಅದಕ್ಕೇ ಇರಬೇಕು," ಅಂದಳು ಎಲ್ಸ್ಪಾ.

ಅಂಗಡಿಯೆಲ್ಲ ನಕ್ಕಿತು. ಆದರೆ ಅವಳು ತಮಾಷೆಗೆ ಅಂದವಳಲ್ಲ. ಎಲ್ಸ್ಪಾಗೆ ಡಾಕ್ಟರರ ಮಾತೆಂದರೆ ಪಾದ್ರಿಯ ಮಾತಿಗಿಂತ ಒಂದು ಗುಂಜಿ ಹೆಚ್ಚು. ಅಂದಿನಿಂದ ಯಕೃತ್ತು ಕಡಲ ಹಕ್ಕಿಗಳ ಪಾಲಾಯಿತು. ಮಾರ್ಯುನ್‌ಳ ತಟ್ಟೆಯಿಂದ ಕಪ್ಪು ಹೋಯಿತು. ಹೋದ ಜಾಗ ಖಾಲಿ ಬಿಡುವುದು ಹೇಗೆ? ತಂದೆಯಿಲ್ಲದ, ಸಣಕಲು ಮಗು. ಎಲ್ಸ್ಪಾ ಅಲ್ಲಿ ಬಿಳಿಯನ್ನು ಇಟ್ಟಳು. ಮೊದಲು ಎರಡು ತುಂಡು ಇಡುತ್ತಿದ್ದವಳು ಈಗ ಆಲೂಗಡ್ಡೆ ಮುಚ್ಚುವಷ್ಟು ಇಡತೊಡಗಿದಳು.

"ಅಷ್ಟೊಂದು ಯಾಕೇ?" ಅಂದೆ ನಾನು.

"ವಿಷ ಇರೋದು ಕಪ್ಪಲ್ಲಿ ಅಂದ್ರು. ಬಿಳೀದರ ಬಗ್ಗೆ ಒಂದು ಮಾತಾದ್ರೂ ಆಡಿದ್ರಾ? ನೀನೂ ಕೇಳಿದೆಯಲ್ಲ. ನೋಡು ಅದನ್ನ, ಹಿಮದ ಹಾಗಿದೆ. ಅದರಲ್ಲಿ ಏನು ಅಡಗೋಕೆ ಸಾಧ್ಯ ಹೇಳು?"

ನನಗೂ ಸರಿ ಅನ್ನಿಸಿತು. ಊರಿಗೆಲ್ಲ ಸರಿ ಅನ್ನಿಸಿತು. ಬಸುರಿಯರಿಗೆ ಹೋಗುವ ತಟ್ಟೆಯಲ್ಲೂ ಕಪ್ಪು ಕಡಿಮೆಯಾಗಿ ಬಿಳಿ ತುಂಬಿಕೊಂಡಿತು. ಯಾಸ್ಪುರ್‌ನಂತಹ ಮೊಂಡರ ಮನೆಯವರು ಎರಡನ್ನೂ ಮೊದಲಿನ ಹಾಗೇ ತಿಂದರು. ಹೇಳಿದ ಮಾತು ಕೇಳಿ ಬಿಳಿಯನ್ನು ಹೆಚ್ಚಿಸಿದವಳು ಎಲ್ಸ್ಪಾ.

ಮಾರ್ಯುನ್ ಚೆನ್ನಾಗಿಯೇ ಬೆಳೆದಳು. ಕೆಂಪು ಕೆನ್ನೆ, ಹೊಳೆಯುವ ಕೂದಲು, ತಾಯಿಯ ಹಾಗೆಯೇ ಬಾಯಿಗೆ ಬಂದದ್ದನ್ನು ಹೇಳಿಬಿಡುವ ಗುಣ. ಯಂತ್ರದ ದೋಣಿಯಲ್ಲಿ ಕೆಲಸ ಮಾಡುವ ಸಾಮಲ್‌ನನ್ನು ಮದುವೆಯಾಗಿ ಚರ್ಚಿನ ಕೆಳಗಿನ ಮನೆಗೆ ಹೋದಳು. ತಡವಾಗಿ ಬಸುರಿಯಾದಳು. ಎಲ್ಸ್ಪಾ ತನ್ನ ಸ್ವಂತ ಮಗಳಿಗೆ ತಟ್ಟೆ ಹೊತ್ತ ದಿನ ಬೀದಿಯ ಪರದೆಗಳಷ್ಟೇ ಅಲ್ಲ, ಬಾಗಿಲುಗಳೇ ತೆರೆದುಕೊಂಡವು. ಅವಳು ಬೇಕೆಂದೇ ಸುತ್ತುದಾರಿ ಹಿಡಿದು ಹೋದಳು.

ಹೆರಿಗೆಯ ಸಮಯದಲ್ಲಿ ರಾಜಧಾನಿಯ ಡಾಕ್ಟರರು ಹೊಕ್ಕುಳಬಳ್ಳಿಯಿಂದ ಒಂದಿಷ್ಟು ರಕ್ತ, ತಾಯಿಯ ತಲೆಯಿಂದ ಒಂದು ಎಳೆ ಕೂದಲು ಕೇಳಿ ಪಡೆದರು. ದ್ವೀಪಗಳ ಮಕ್ಕಳು ಹೇಗೆ ಬೆಳೆಯುತ್ತಾರೆಂದು ವರ್ಷವರ್ಷವೂ ನೋಡುತ್ತೇವೆ ಅಂದರಂತೆ. "ನನ್ನ ಮಗಳ ಕೂದಲು ಹಡಗು ಹತ್ತಿ ಡೆನ್ಮಾರ್ಕಿಗೆ ಹೋಗುತ್ತೆ ಕಣೇ, ನಾನೇ ಇನ್ನೂ ಹೋಗಿಲ್ಲ," ಎಂದು ಎಲ್ಸ್ಪಾ ಹೆಮ್ಮೆಪಟ್ಟಳು. ಹುಟ್ಟಿದ್ದು ಹೆಣ್ಣು. ಸುನ್ವಾ ಎಂದು ಹೆಸರಿಟ್ಟರು.

ಮಗುವಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ರೇಡಿಯೋದಲ್ಲಿ ಮತ್ತೆ ಡಾಕ್ಟರರು ಬಂದರು. ನಾವಿಬ್ಬರೂ ನಮ್ಮ ಅಡುಗೆಮನೆಯಲ್ಲಿ ಹೆಣೆಯುತ್ತ ಕೂತಿದ್ದೆವು. ಇನ್ನು ಮಕ್ಕಳಾಗಬೇಕಾದ ಹೆಂಗಸರು, ಹುಡುಗಿಯರು ತಿಮಿಂಗಿಲದ ಕೊಬ್ಬನ್ನು ಮುಟ್ಟಲೇಬಾರದು ಎಂದರು. ಕಾರ್ಖಾನೆಗಳ ವಿಷ ಕೊಬ್ಬಿನಲ್ಲಿ ಶೇಖರವಾಗಿದೆ ಎಂದರು. ಎಲ್ಸ್ಪಾಳ ಸೂಜಿ ನಿಂತಿತು.

"ಈಗ ಬಿಳಿಯಂತೆ," ಅಂದಳು.

ಕಾಫಿಗೆ ನೀರಿಟ್ಟೆ. ಅವಳು ಕುಡಿಯದೆ ಎದ್ದು ಹೋದಳು. ಆ ಸಂಜೆ ಅವಳು ಗಾಳಿಮನೆಯ ಒಳಗೆ ಪೀಪಾಯಿಯ ಮುಂದೆ ನಿಂತಿದ್ದುದು ಹಲಗೆಯ ಸಂದಿನಲ್ಲಿ ನನಗೆ ಕಾಣಿಸಿತು.

ಸುನ್ವಾ ಕಾಯಿಲೆಯ ಮಗುವಾದಳು. ಹುಟ್ಟಿದ ಮೊದಲ ಚಳಿಗಾಲದಿಂದಲೇ ಕಿವಿ ಸೋರುತ್ತಿತ್ತು. ಅದು ನಿಂತರೆ ಎದೆಯಲ್ಲಿ ಕಫ, ಅದು ಇಳಿದರೆ ಜ್ವರ. ಊರಿನ ಉಳಿದ ಮಕ್ಕಳು ಒಂದು ಸಲ ಕೆಮ್ಮಿ ಮರೆಯುವುದನ್ನು ಇವಳು ವಸಂತದವರೆಗೂ ಎಳೆಯುತ್ತಿದ್ದಳು. ಎಲ್ಸ್ಪಾ ಕಿವಿ ಮುಚ್ಚುವಂತಹ ಟೋಪಿಗಳನ್ನು ಹೆಣೆದು ಹೆಣೆದು ಹಾಕಿದಳು. ಎಡಗಿವಿಯ ತಮಟೆ ಹರಿಯಿತು, ಕೂಡಿತು, ಮತ್ತೆ ಹರಿಯಿತು. ಕೊನೆಗೆ ಆ ಕಿವಿ ಮಂದವಾಯಿತು.

ಸುನ್ವಾಗೆ ಐದು ತುಂಬಿದಾಗ ಎಲ್ಲ ಮಕ್ಕಳಂತೆ ಅವಳ ರಕ್ತವನ್ನೂ ತೆಗೆದುಕೊಂಡು ಹೋದರು. ಸ್ವಲ್ಪ ದಿನದಲ್ಲಿ ನಮ್ಮ ಜಿಲ್ಲೆಯ ನರ್ಸ್ ಬಿರ್ನಾ ಮಾರ್ಯುನ್‌ಳ ಮನೆಗೆ ಬಂದಳು. ಎಲ್ಸ್ಪಾ, ನಾನು ಇಬ್ಬರೂ ಅಲ್ಲೇ ಇದ್ದೆವು. ಬಿರ್ನಾ ಕೋಟು ಬಿಚ್ಚದೆ ಕೂತಳು.

"ಇವಳಿಗೆ ಇನ್ನೊಂದು ಸಲ ಚುಚ್ಚುಮದ್ದು ಹಾಕ್ಬೇಕು. ಹಿಂದೆ ಹಾಕಿದ್ದು ಹಿಡಿದಿಲ್ಲ."

"ಹಿಡಿದಿಲ್ಲ ಅಂದ್ರೆ? ನಾನೇ ಕರ್ಕೊಂಡು ಬಂದು ಹಾಕಿಸಿದೀನಲ್ಲ, ಒಂದೂ ತಪ್ಪಿಸಿಲ್ಲ," ಅಂದಳು ಮಾರ್ಯುನ್.

"ತಪ್ಪಿಸಿಲ್ಲಮ್ಮ, ನೀನೇನೂ ತಪ್ಪಿಸಿಲ್ಲ. ಚುಚ್ಚುಮದ್ದು ಅಂದ್ರೆ ಗುಡ್ಡದ ಮೇಲೆ ಕಾವಲು ಕೂತವನಿಗೆ ಶತ್ರು ಹಡಗಿನ ಗುರುತು ಹೇಳಿಕೊಟ್ಟ ಹಾಗೆ. ಇವಳ ಮೈಯ ಕಾವಲಿನವರಿಗೆ ಹೇಳಿಕೊಟ್ಟಿದೀವಿ, ಅವರು ಮರೆತುಬಿಟ್ಟಿದಾರೆ. ಇವಳೊಬ್ಬಳೇ ಅಲ್ಲ. ಹುಟ್ಟುವಾಗ ಯಾವ ಮಕ್ಕಳ ರಕ್ತದಲ್ಲಿ ಆ ವಿಷ ಜಾಸ್ತಿ ಇತ್ತೋ ಆ ಮಕ್ಕಳಲ್ಲಿ ಹೀಗೆ ಆಗ್ತಿದೆ ಅಂತ ಡಾಕ್ಟ್ರು ಹೇಳ್ತಾರೆ."

"ಯಾವ ವಿಷ? ಇವಳು ಬಿಳಿ ತಿಂದೇ ಇಲ್ಲ. ಬಸುರಿಯಾಗಿದ್ದಾಗ ನಾನೂ ಎಷ್ಟು ತಿಂದಿದ್ದೇನು? ಆ ಒಂದು ತಟ್ಟೆ."

ಬಿರ್ನಾ ಕೈಚೀಲದ ಹಿಡಿಯನ್ನು ತಿರುವಿದಳು. "ಅದು ಒಂದು ತಟ್ಟೆಯ ಮಾತಲ್ಲ ಮಾರ್ಯುನ್. ದೂರದ ದೇಶಗಳಲ್ಲಿ ಕರೆಂಟಿನ ಯಂತ್ರಗಳಿಗೆ ಒಂದು ಎಣ್ಣೆ ಹಾಕ್ತಿದ್ರು. ಅದು ಕೊಳೆಯಲ್ಲ, ನೀರಲ್ಲಿ ಕರಗಲ್ಲ. ನದಿಯಿಂದ ಸಮುದ್ರಕ್ಕೆ ಬಂತು, ಸಣ್ಣ ಮೀನಿಗೆ ಬಂತು, ದೊಡ್ಡದಕ್ಕೆ ಬಂತು, ತಿಮಿಂಗಿಲದ ಕೊಬ್ಬಲ್ಲಿ ಬಂದು ಕೂತ್ಕೊಂಡ್ತು. ನಮ್ಮ ಮೈಗೆ ಬಂದ್ರೂ ಹಾಗೇ, ಕೊಬ್ಬಲ್ಲಿ ಕೂತುಬಿಡುತ್ತೆ, ವರ್ಷಗಟ್ಟಲೆ. ಹುಡುಗಿಯಾಗಿದ್ದಾಗ ತಿಂದದ್ದು ಹೆರೋವಾಗ ಹೊರಗೆ ಬರುತ್ತೆ. ಹೊಕ್ಕುಳಬಳ್ಳಿಯಲ್ಲಿ ಒಂದಿಷ್ಟು, ಮೊಲೆಹಾಲಲ್ಲಿ ಇನ್ನೊಂದಿಷ್ಟು. ಮೊದಲನೇ ಮಗುವಿಗೆ ಜಾಸ್ತಿ ಹೋಗುತ್ತೆ."

ನಮ್ಮೂರಿನಲ್ಲಿ ಹೊಗೆ ಬರುವುದು ಅಡುಗೆಮನೆಗಳಿಂದ ಮಾತ್ರ. ಕಾರ್ಖಾನೆಯ ಕೊಳವೆಯನ್ನು ನಾನಂತೂ ಚಿತ್ರದಲ್ಲಿ ನೋಡಿದವಳು. ಆ ಎಣ್ಣೆ ಮಾಡಿದವರು ಯಾರು, ಅವರ ಊರು ಯಾವುದು, ಅವರ ಮಕ್ಕಳ ಕಿವಿ ಸೋರಿತೋ ಇಲ್ಲವೋ ನಮಗೆ ತಿಳಿಯದು.

ಎಲ್ಸ್ಪಾ ಕೇಳಿದಳು. "ಹಾಗಾದ್ರೆ ಬಿರ್ನಾ, ಈ ಮಗುವಿನ ಕಿವಿ ಹೋದದ್ದು ನನ್ನ ಕೈಯಿಂದಲೇ ಅಂತ ಆಯ್ತಲ್ಲ?"

"ಹಾಗೆ ಹೇಳೋಕೆ ಬರಲ್ಲ ಎಲ್ಸ್ಪಾ. ನೂರಾರು ಮಕ್ಕಳನ್ನ ಒಟ್ಟಿಗೆ ನೋಡಿದ್ರೆ ಕಾಣುತ್ತೆ. ಒಂದು ಮಗುವನ್ನ ನಿಲ್ಲಿಸಿ, ಈ ಜ್ವರ ಅದರಿಂದ, ಈ ಕಿವಿ ಅದರಿಂದ ಅಂತ ಯಾರೂ ಬೆರಳಿಟ್ಟು ತೋರಿಸೋಕಾಗಲ್ಲ. ಕಿವಿ ಸೋರೋ ಮಕ್ಕಳು ಎಲ್ಲ ದೇಶದಲ್ಲೂ ಇದಾರೆ."

ಬಿರ್ನಾ ಸಮಾಧಾನಕ್ಕೆಂದು ಹೇಳಿದ ಮಾತು ಅದು. ಹೌದು ಅಂದಿದ್ದರೆ ಎಲ್ಸ್ಪಾ ಅತ್ತು ಮುಗಿಸುತ್ತಿದ್ದಳು, ಇಲ್ಲ ಅಂದಿದ್ದರೆ ಮನೆಗೆ ಹೋಗಿ ಮಲಗುತ್ತಿದ್ದಳು. ಎರಡೂ ಸಿಗದೆ ಉಳಿದ ಆಯುಷ್ಯವೆಲ್ಲ ಆ ಮಾತನ್ನು ಹೊತ್ತುಕೊಂಡಳು.

ಮಾರ್ಯುನ್ ಮೇಜಿನ ಮೇಲಿನ ಲೋಟಗಳನ್ನು ಎತ್ತಿ ತೊಳೆದಳು, ಒರೆಸಿದಳು, ಕಪಾಟಿನಲ್ಲಿಟ್ಟಳು. ಆಮೇಲೆ ತಾಯಿಯ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಕಪ್ಪು ತೆಗೆದು ಬಿಳಿ ಹಾಕ್ತಿದ್ದೆ. ನನಗೆ ಸಾಕು ಅನಿಸಿದ್ರೂ ಹಾಕ್ತಿದ್ದೆ. ಗೊತ್ತಿದ್ದು ಮಾಡಿಲ್ಲ, ಗೊತ್ತು. ಆದ್ರೂ ಇನ್ಮೇಲೆ ನಿನ್ನ ಕೈಯಿಂದ ಏನೂ ಬೇಡಮ್ಮ. ನನಗೂ ಬೇಡ, ಇವಳಿಗೂ ಬೇಡ."

"ಕುರಿಮಾಂಸ ಏನೂ ಆಗಲ್ಲ, ಆಲೂಗಡ್ಡೆ ಏನೂ ಆಗಲ್ಲ," ಎಂದು ಬಿರ್ನಾ ಬಾಯಿ ಹಾಕಿದಳು.

"ಏನೂ ಅಂದ್ರೆ ಏನೂ ಬೇಡ."

ಎಲ್ಸ್ಪಾ ತಲೆಯಾಡಿಸಿದಳು. ವಾದ ಮಾಡುತ್ತಾಳೆಂದು ನಾನು ಕಾದೆ. ಮಾಡಲಿಲ್ಲ. ಸುನ್ವಾಳ ಟೋಪಿಯ ದಾರವನ್ನು ಗಲ್ಲದ ಕೆಳಗೆ ಕಟ್ಟಿ, ನನ್ನ ಜೊತೆ ಗುಡ್ಡ ಹತ್ತಿದಳು.

ತಾಯಿ-ಮಗಳ ಬಳಕೆ ನಿಲ್ಲಲಿಲ್ಲ. ನಿಂತಿದ್ದರೆ ಊರಿನವರಿಗೆ ಅರ್ಥವಾಗುತ್ತಿತ್ತು. ಮಾರ್ಯುನ್ ಪ್ರತಿ ಭಾನುವಾರ ಚರ್ಚು ಮುಗಿಸಿ ತಾಯಿಯ ಮನೆಗೆ ಬರುತ್ತಿದ್ದಳು. ಬರುವಾಗ ತನ್ನ ಕಾಫಿಯನ್ನು ಫ್ಲಾಸ್ಕಿನಲ್ಲಿ, ತನ್ನ ಬ್ರೆಡ್ಡನ್ನು ಡಬ್ಬಿಯಲ್ಲಿ ತರುತ್ತಿದ್ದಳು. ತಾಯಿಯ ಮೇಜಿಗೆ ಕೂತು, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕುಡಿಯುತ್ತಿದ್ದಳು. ಹವೆಯ ಮಾತು, ಕುರಿಯ ಮಾತು, ಸಾಮಲ್‌ನ ದೋಣಿ ಯಾವ ಬಂದರಿನಲ್ಲಿದೆ ಎಂಬ ಮಾತು. ಎಲ್ಸ್ಪಾ ಎದುರಿಗೆ ಕೂತು ತನ್ನ ಕಾಫಿ ಕುಡಿಯುತ್ತಿದ್ದಳು. ಆ ಫ್ಲಾಸ್ಕು ಕೆಂಪು ಬಣ್ಣದ್ದು. ಅದನ್ನು ಕಂಡರೆ ನನಗೆ ಎದ್ದು ಹೋಗಿ ಕಡಲಿಗೆ ಎಸೆಯಬೇಕೆನಿಸುತ್ತಿತ್ತು.

"ನೀನಾದ್ರೂ ಒಂದು ಮಾತು ಕೇಳಬಾರದೇನೇ?" ಅಂದೆ ಒಂದು ದಿನ.

"ಏನಂತ ಕೇಳಲಿ? ಅವಳು ಸಾಕು ಅಂದಾಗಲೂ ನಾನು ಹಾಕ್ದೆ. ಈಗ ಅವಳು ಬೇಡ ಅಂದಾಗ ಬಿಡೋದನ್ನಾದ್ರೂ ಕಲೀಬೇಕಲ್ಲ."

ಸುನ್ವಾ ಆದ ಮೇಲೆ ಇನ್ನೊಂದು ಮಗುವಾಗಲಿ ಎಂದು ಸಾಮಲ್‌ಗೆ ಆಸೆಯಿತ್ತು. ಆಗಲಿಲ್ಲ. ಆಗಲಿಲ್ಲವೋ, ಮಾರ್ಯುನ್ ಬೇಡವೆಂದಳೋ, ನಾವು ಕೇಳಲಿಲ್ಲ.

ಪೀಪಾಯಿಯಲ್ಲಿ ಉಳಿದಿದ್ದ ಬಿಳಿಯನ್ನು ಏನು ಮಾಡುವುದು? "ಕಡಲಿಗೆ ಹಾಕು," ಅಂದೆ. "ಬಂದದ್ದು ಅಲ್ಲಿಂದಲೇ ಅಲ್ವೇನೇ? ಮತ್ತೆ ಮೀನು ತಿನ್ನುತ್ತೆ," ಅಂದಳು. ಹೊಲದಲ್ಲಿ ಹೂಳಲೂ ಒಪ್ಪಲಿಲ್ಲ. ಬಿರ್ನಾಳನ್ನು ಕೇಳಿ, ಕಸ ಸುಡುವ ಕಡೆಗೆ ಹೋಗುವ ಲಾರಿಗೆ ಕೊಟ್ಟಳು. ತಿನ್ನುವ ವಸ್ತುವನ್ನು ಎಸೆಯುವುದು ನಮ್ಮಲ್ಲಿ ದೊಡ್ಡ ಪಾಪ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ, ತಟ್ಟೆ ಹೊರುತ್ತಿದ್ದ ಹಾಗೆಯೇ ನೆಟ್ಟಗೆ ನಡೆದುಕೊಂಡು ಹೋದಳು.

ಆಮೇಲೂ ಹಿಂಡು ಬರುತ್ತಿತ್ತು, ಪಾಲು ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ಯಾಸ್ಪುರ್‌ನ ಕಿರಿಸೊಸೆ ಬಸುರಿಯಾದಳು. ಎಲ್ಸ್ಪಾ ತಟ್ಟೆ ತೆಗೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಯಾಸ್ಪುರ್ ಬಾಗಿಲಲ್ಲೇ ಬಟ್ಟೆ ಎತ್ತಿ ನೋಡಿದ. ಒಣಗಿದ ಕುರಿಮಾಂಸ, ಬೇಯಿಸಿದ ಆಲೂಗಡ್ಡೆ, ನಮ್ಮ ಹಿತ್ತಲಿನ ಹುಳಿದಂಟಿನ ಜಾಮು.

"ಇದೇನು? ಬಿಳಿ ಎಲ್ಲಿ?"

"ಬಿಳಿ ಇಲ್ಲ."

"ನಿನ್ನ ಮಗಳು ಫ್ಲಾಸ್ಕ್ ಹೊತ್ಕೊಂಡು ತಿರುಗ್ತಾಳೆ ಅಂತ ನನ್ನ ಸೊಸೆ ಉಪವಾಸ ಬೀಳಬೇಕಾ? ಸಾವಿರ ವರ್ಷದಿಂದ ತಿಂದ್ಕೊಂಡು ಬಂದಿದೀವಿ. ಯಾರೋ ಕೊಳಕು ಮಾಡಿದ್ರು ಅಂತ ನಮ್ಮ ಊಟ ನಾವು ಬಿಡೋದಾ? ಅವರು ಬಿಡಲಿ!"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಎಲ್ಸ್ಪಾ ಬಟ್ಟೆಯನ್ನು ಮತ್ತೆ ತಟ್ಟೆಯ ಮೇಲೆಳೆದಳು. ಆಮೇಲೆ ಅಂದಳು, "ನಿನಗೆ ಬಿಳಿ ಬೇಕಾದ್ರೆ ಹೇಳು ಯಾಸ್ಪುರ್, ಉಪ್ಪು ಹಾಕಿ ಕೊಡ್ತೀನಿ. ನಿನಗೆ ಇನ್ನು ಹೆರಿಗೆ ಆಗೋ ಹಾಗಿಲ್ಲವಲ್ಲ. ಹುಡುಗಿ ದಾರಿ ಬಿಡು."

ಒಳಗಿನಿಂದ ಸೊಸೆ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಯಾಸ್ಪುರ್ ಕೆಂಪಗಾಗಿ ದಾರಿ ಬಿಟ್ಟ. ಅವನಿಗಾಗಿ ಎಲ್ಸ್ಪಾ ನಿಜವಾಗಿಯೂ ಬಿಳಿ ಮಾಡಿಕೊಟ್ಟಳು, ಅವನು ಸಾಯುವವರೆಗೂ. ತಾನು ಮಾತ್ರ ಮತ್ತೆ ತುಟಿಗೆ ಸೋಕಿಸಲಿಲ್ಲ.

ಸುನ್ವಾ ಶಾಲೆ ಬಿಟ್ಟ ಕೂಡಲೇ ಅಜ್ಜಿಯ ಮನೆಗೆ ಓಡಿಬರುತ್ತಿದ್ದಳು. ಎಲ್ಸ್ಪಾ ಯಾವಾಗಲೂ ಅವಳ ಬಲಗಡೆಗೇ ಕೂರುವುದು, ಆ ಕಿವಿ ಚೆನ್ನಾಗಿತ್ತು. ಹುಡುಗಿ ಗಾಳಿಮನೆಯಲ್ಲಿ ಅಜ್ಜಿಯ ಜೊತೆ ಕುರಿಮಾಂಸ ತೂಗುಹಾಕಲು ಕಲಿತಳು, ಕೆನ್ನೆ ತಿರುಗಿಸಿ ಗಾಳಿ ನೋಡುವುದನ್ನೂ ಕಲಿತಳು. ಚಾಕುವಿನ ತುದಿಯಲ್ಲಿ ಒಂದು ಚೂರು ಎದ್ದು ನಿಂತರೆ ಬಾಯಲ್ಲಿ ನೀರೂರುತ್ತಿತ್ತು.

"ಒಂದೇ ಒಂದು ಚೂರು ಅಜ್ಜಿ. ಇದು ಕುರೀದಲ್ವಾ?"

"ಅಮ್ಮನ್ನ ಕೇಳು."

"ಅಮ್ಮ ಇಲ್ಲಿಲ್ಲವಲ್ಲ, ಅವಳಿಗೆ ಹೇಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

ಹುಡುಗಿ ಕೇಳಿ ಬರುತ್ತಿರಲಿಲ್ಲ, ಅಜ್ಜಿ ಕೊಡುತ್ತಿರಲಿಲ್ಲ. ಸಣ್ಣ ಮಗುವಿನ ಮುಂದೆ ಮಾಂಸ ಕೊಯ್ದು ಬಾಯಿಗೆ ಕೊಡದೆ ಇರುವುದು ಎಂತಹ ಶಿಕ್ಷೆ ಎಂದು ಕೈಯಾರೆ ಉಣಿಸಿದವರಿಗೆ ಗೊತ್ತು. ಎಲ್ಸ್ಪಾ ಆ ಶಿಕ್ಷೆಯನ್ನು ಸುನ್ವಾ ದೊಡ್ಡವಳಾಗುವವರೆಗೂ ಅನುಭವಿಸಿದಳು. ಮಗಳ ಮಾತು ಮೀರಿ ಒಂದು ತುತ್ತು ಕೊಟ್ಟರೆ, ಮತ್ತೆಂದೂ ಮಗಳು ತನ್ನ ಕೈಯಿಂದ ತಿನ್ನಲಾರಳು ಎಂದು ಅವಳ ಎಣಿಕೆ. ಎಂದಾದರೊಂದು ದಿನ ಮಗಳು ತಿಂದಾಳು ಎಂಬ ಆಸೆಯೊಂದನ್ನು ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ನನಗೆ ಹೇಳಬೇಕಾಗಿರಲಿಲ್ಲ.

ಚಳಿಗಾಲಗಳಲ್ಲಿ ಸುನ್ವಾ ಮಲಗುತ್ತಿದ್ದಳು, ಏಳುತ್ತಿದ್ದಳು. ಊರಿಗೆ ಬಂದ ಯಾವ ಜ್ವರವೂ ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಮತ್ತೆ ಮತ್ತೆ ಚುಚ್ಚುಮದ್ದು, ಮತ್ತೆ ಮತ್ತೆ ರಕ್ತ. ಆದರೂ ಬೆಳೆದಳು. ಮಕ್ಕಳ ಶಾಲೆಯಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅಲ್ಲಿ ಎಲ್ಲ ಮಕ್ಕಳ ನೆಗಡಿಯೂ ಅವಳಿಗೆ ಬರುತ್ತಿತ್ತು. "ಬೇರೆ ಕೆಲಸ ಇಲ್ವೇನೇ ಪ್ರಪಂಚದಲ್ಲಿ?" ಎಂದು ಮಾರ್ಯುನ್ ಬೈದರೆ, "ಈ ಕಿವಿ ಆ ಕಡೆ ಇದೆ, ಕೇಳಿಸಲಿಲ್ಲ," ಎಂದು ಎಡಗಿವಿ ತೋರಿಸುತ್ತಿದ್ದಳು.

ಹಾನುಸ್ ತೀರಿಹೋದ ಮರುವರ್ಷ ಸುನ್ವಾ ಬಸುರಿಯಾದಳು. ಸೀದಾ ಅಜ್ಜಿಯ ಅಡುಗೆಮನೆಗೆ ಬಂದು ಕೂತಳು. ಎಲ್ಸ್ಪಾಗೆ ಆಗ ಎಂಬತ್ತೈದು ದಾಟಿತ್ತು. ನಾನೂ ಅಲ್ಲೇ ಇದ್ದೆ.

"ಅಜ್ಜಿ, ಊರವರಿಗೆಲ್ಲ ತಟ್ಟೆ ಹೊರ್ತೀಯ. ನನಗಿಲ್ವಾ?"

ಎಲ್ಸ್ಪಾಳ ಬಾಯಿಗೆ ಬಂದದ್ದು ಅಭ್ಯಾಸದ ಮಾತು. "ಅಮ್ಮನ್ನ ಕೇಳು."

"ಈ ಸಲ ಕೇಳ್ತೀನಿ," ಎಂದು ಸುನ್ವಾ ಎದ್ದು ಹೋದಳು.

ಉತ್ತರ ಬರಲಿಲ್ಲ. ಭಾನುವಾರ ಮಾರ್ಯುನ್ ಬಂದಳು, ಕೆಂಪು ಫ್ಲಾಸ್ಕು ಬಂತು, ಆ ಮಾತು ಬರಲಿಲ್ಲ. ಆದರೂ ಎಲ್ಸ್ಪಾ ಸಿದ್ಧಮಾಡತೊಡಗಿದಳು. ಕ್ರಿಸ್‌ಮಸ್‌ಗೆ ಮುಂಚೆ ತೂಗುಹಾಕಿದ್ದ ತೊಡೆಯನ್ನು ಇಳಿಸಿದಳು, ಮೂಸಿ ನೋಡಿದಳು, ನನಗೂ ಮೂಸಲು ಕೊಟ್ಟಳು. ಎಲ್ಲಿಯ ಹುಲ್ಲು ತಿಂದ ಕುರಿ, ಎಲ್ಲಿಯ ನೀರು ಕುಡಿದದ್ದು ಎಂದು ತನಗೆ ತಾನೇ ಹೇಳಿಕೊಂಡಳು. ತಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದು, ಇನ್ನೊಮ್ಮೆ ತೊಳೆದಳು.

"ಹೋಗೋದೋ ಬೇಡವೋ ಫೀಯಾ?"

"ಬಾಗಿಲು ಹಾಕಿದ್ರೆ ನಾವಿಬ್ರೇ ಕೂತು ತಿಂದ್ಬಿಡೋಣ ನಡಿ."

ಗಾಳಿ ಇತ್ತು. ಅವಳು ತಟ್ಟೆ ಹಿಡಿದಳು, ನಾನು ಅವಳ ತೋಳು ಹಿಡಿದೆ. ಪರದೆಗಳು ಸರಿದವು. ಚರ್ಚಿನ ಕೆಳಗೆ ಇಳಿಯುವಾಗ ಗಾಳಿಗೆ ಬಟ್ಟೆಯ ಅಂಚು ಹಾರಾಡಿತು. ಬಾಗಿಲು ತೆರೆದವಳು ಮಾರ್ಯುನ್. ಅವಳ ಹಿಂದೆ ಸುನ್ವಾ ನಿಂತಿದ್ದಳು. ಮಾರ್ಯುನ್ ತಟ್ಟೆಯನ್ನು ನೋಡಿದಳು, ತಾಯಿಯ ಮುಖ ನೋಡಲಿಲ್ಲ. ತಟ್ಟೆಯನ್ನು ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟಳು. ಬಟ್ಟೆ ಸರಿಸಿದಳು. ಒಳಗಿನಿಂದ ಚಾಕು ತಂದು, ತಾಯಿ ಹೆಚ್ಚಿದ ತುಂಡುಗಳನ್ನು ಮುಟ್ಟದೆ, ದೊಡ್ಡ ಗಟ್ಟಿಯಿಂದ ತಾನೇ ಒಂದು ತೆಳುವಾದ ಚೂರು ಕೊಯ್ದಳು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಎಲ್ಸ್ಪಾ ಹೊಸ್ತಿಲಿನ ಹೊರಗೇ ನಿಂತಿದ್ದಳು.

"ಉಪ್ಪು ಕಮ್ಮಿ," ಅಂದಳು ಮಾರ್ಯುನ್.

"ಈಗೀಗ ಕೈ ತಡೆದು ತಡೆದು ಹಾಕ್ತೀನಿ," ಅಂದಳು ಎಲ್ಸ್ಪಾ.

ಮಾರ್ಯುನ್ ಇನ್ನೊಂದು ಚೂರು ಕೊಯ್ದು ಮಗಳಿಗೆ ಕೊಟ್ಟಳು. "ಗಾಳಿ ಒಳಗೆ ಬರ್ತಿದೆ, ನೀನು ಬಂದು ಬಾಗಿಲು ಹಾಕಮ್ಮ. ನೀನೂ ಬಾ ಅತ್ತೆ," ಅಂದಳು. ಅಷ್ಟೇ.

ಮುಂದಿನ ಭಾನುವಾರ ಮಾರ್ಯುನ್ ಬರಿಗೈಯಲ್ಲಿ ಬಂದಳು. ಎಲ್ಸ್ಪಾ ಕಾಫಿ ಬಗ್ಗಿಸುವಾಗ ಒಂದಿಷ್ಟು ತಟ್ಟೆಗೆ ಚೆಲ್ಲಿತು.

ಸುನ್ವಾಗೆ ಗಂಡುಮಗು ಹುಟ್ಟಿತು. ಕಡಲಿನಿಂದ ಮರಳದ ಮುತ್ತಜ್ಜನ ಹೆಸರಿಟ್ಟು ದಾನ್ಯಾಲ್ ಎಂದು ಕರೆದರು. ಹೊಕ್ಕುಳಬಳ್ಳಿಯ ರಕ್ತವನ್ನು ಸುನ್ವಾ ತಾನಾಗಿಯೇ ಕೊಟ್ಟಳು. ಬಿರ್ನಾ ಕೆಲಸದಿಂದ ನಿವೃತ್ತಳಾಗಿದ್ದರೂ ವಿಚಾರಿಸಿಕೊಂಡು ಎಲ್ಸ್ಪಾಳ ಮನೆಗೆ ಬಂದಳು. "ತಾಯಿ ಹುಟ್ಟಿದಾಗ ಇದ್ದದ್ದಕ್ಕಿಂತ ಎಷ್ಟೋ ಕಡಿಮೆ ಇದೆ ಎಲ್ಸ್ಪಾ," ಅಂದಳು.

"ಕಡಿಮೆ ಇದೆ ಅಂದ್ರೆ, ಇದೆ."

"ಇದೆ."

"ಅದರಲ್ಲಿ ನಂದೆಷ್ಟು?"

"ಹಾಗೆಲ್ಲ ಪಾಲು ಹಾಕೋಕೆ ಬರಲ್ಲ ಮಾರಾಯ್ತಿ."

ಎಲ್ಸ್ಪಾ ಹೂಂ ಅಂದಳು. ಆ ವರ್ಷದ ಕೊನೆಗೆ, ಬಿಸಿಲು ಬೆಟ್ಟ ದಾಟಿ ಊರೊಳಗೆ ಬರದಿರುವ ತಿಂಗಳಲ್ಲಿ ಅವಳು ತೀರಿಕೊಂಡಳು. ಮಾರ್ಯುನ್ ತನ್ನ ಕೈಯಿಂದಲೇ ಅವಳಿಗೆ ಗಂಜಿ ಕುಡಿಸುತ್ತಿದ್ದಳು. ಕೊನೆಕೊನೆಗೆ ಎಲ್ಸ್ಪಾ ಸಾಕು ಎಂದು ಕೈ ಅಡ್ಡ ಹಿಡಿದರೆ ಮಾರ್ಯುನ್ ಒತ್ತಾಯ ಮಾಡುತ್ತಿರಲಿಲ್ಲ, ಚಮಚವನ್ನು ಕೆಳಗಿಡುತ್ತಿದ್ದಳು.

ನೀಲಿ ಅಂಚಿನ ತಟ್ಟೆ ಈಗ ಸುನ್ವಾಳ ಮನೆಯಲ್ಲಿದೆ. ಗಾಳಿಮನೆಯಲ್ಲಿ ಕುರಿಯ ತೊಡೆಗಳು ತೂಗುತ್ತವೆ. ಪೀಪಾಯಿಯಲ್ಲಿ ಮಾರ್ಯುನ್ ಕೊಡೆಗಳನ್ನು ನಿಲ್ಲಿಸಿದ್ದಾಳೆ.

ದಾನ್ಯಾಲ್‌ಗೆ ಐದು ತುಂಬಿದಾಗ ಅವನ ರಕ್ತ ತೆಗೆದು, ಚುಚ್ಚುಮದ್ದು ಹಿಡಿದಿದೆಯೋ ಇಲ್ಲವೋ ನೋಡುತ್ತಾರೆ. ಅದಕ್ಕೆ ಇನ್ನೂ ಸಮಯವಿದೆ. ಅಷ್ಟರಲ್ಲಿ ನಾನಿರುತ್ತೇನೋ ಇಲ್ಲವೋ. ಈ ಚಳಿಗಾಲದಲ್ಲಿ ಅವನಿಗೆ ಒಂದು ಜ್ವರ ಬಂತು, ಉಳಿದ ಮಕ್ಕಳಿಗೂ ಬಂದಿತ್ತು, ಅವರ ಜೊತೆಗೇ ಇಳಿಯಿತು. ನನ್ನ ಮನೆಗೆ ಬಂದಾಗ ಅವನು ನೆಲದ ಮೇಲೆ ಕೂತು ನನ್ನ ಉಣ್ಣೆಯ ಉಂಡೆಗಳನ್ನು ಉರುಳಿಸುತ್ತಾನೆ. ಅವನಿಗೆ ಕಾಣದಂತೆ ಹಿಂದೆ ಹೋಗಿ ನಿಂತು ನಾನು ಮೆಲ್ಲಗೆ ಅವನ ಹೆಸರು ಕರೆಯುತ್ತೇನೆ, ಒಮ್ಮೆ ಬಲಗಡೆಯಿಂದ, ಒಮ್ಮೆ ಎಡಗಡೆಯಿಂದ. ಎರಡು ಕಡೆಗೂ ತಿರುಗುತ್ತಾನೆ.